ಟ್ರಕ್ ಓಡಿದರೆ ಟ್ರೇಲರ್ ಬ್ಯಾಟರಿ ತುಂಬುತ್ತದೆಯೇ? ದಾರಿಯಲ್ಲಿ ಕಲಿತ ಹನ್ನೆರಡು ಪಾಠಗಳು

“ಅಣ್ಣಾ, ಐದು ಗಂಟೆ ಗಾಡಿ ಓಡಿಸಿಕೊಂಡು ಬಂದಿದ್ದೀವಿ. ಟ್ರೇಲರ್ ಬ್ಯಾಟರಿ ಇಷ್ಟೊತ್ತಿಗೆ ಫುಲ್ ಆಗಿರಬೇಕಲ್ವಾ?” ಕ್ಯಾಲಿಫೋರ್ನಿಯಾದಲ್ಲಿ ಟ್ರಾವೆಲ್ ಟ್ರೇಲರ್ ಕೊಂಡ ಕನ್ನಡದ ಗೆಳೆಯರು ನನ್ನನ್ನು ಹೆಚ್ಚು ಕೇಳಿರುವ ಪ್ರಶ್ನೆ ಇದು. ಎಂಜಿನ್ ಓಡುತ್ತಿದೆ, ಆಲ್ಟರ್ನೇಟರ್ ತಿರುಗುತ್ತಿದೆ, ಟ್ರಕ್ಕಿನಿಂದ ಟ್ರೇಲರಿಗೆ ಪ್ಲಗ್ ಹಾಕಿದೆ. ತುಂಬಿರಲೇಬೇಕು ಎಂದು ಯಾರಿಗಾದರೂ ಅನ್ನಿಸುತ್ತದೆ. ಆದರೆ ಕಾರ್ಖಾನೆಯಿಂದ ಬಂದ ತಂತಿಯನ್ನೇ ನಂಬಿದ ಬಹುಪಾಲು ಟ್ರೇಲರ್‌ಗಳಲ್ಲಿ ಅರ್ಧ ಖಾಲಿಯಾದ ಬ್ಯಾಟರಿ ಐದು ಗಂಟೆಯಲ್ಲಿ ತುಂಬುವುದಿಲ್ಲ. ಏಕೆ ತುಂಬುವುದಿಲ್ಲ, ತುಂಬಿಸಲು ಏನು ಮಾಡಬೇಕು ಎಂಬುದನ್ನು ನನ್ನ ಟ್ರೇಲರಿನಲ್ಲೂ ಗೆಳೆಯರ ಟ್ರೇಲರ್‌ಗಳಲ್ಲೂ ಅಳೆದು, ತಂತಿ ಎಳೆದು, ಬದಲಿಸಿ ತಿಳಿದುಕೊಂಡಿದ್ದೇನೆ. ಅದನ್ನೇ ಇಲ್ಲಿ ಕ್ರಮವಾಗಿ ಬರೆಯುತ್ತಿದ್ದೇನೆ.

ಹೊಸಬರಿಗಾಗಿ ಎರಡು ಮಾತು. ಟ್ರಾವೆಲ್ ಟ್ರೇಲರ್ ಎಂದರೆ ಪಿಕಪ್ ಟ್ರಕ್ ಅಥವಾ ದೊಡ್ಡ ಎಸ್‌ಯುವಿಯ ಹಿಂದೆ ಕಟ್ಟಿ ಎಳೆಯುವ ಗಾಲಿಮನೆ. ಅದಕ್ಕೆ ಸ್ವಂತ ಎಂಜಿನ್ ಇಲ್ಲ. ಕ್ಯಾಂಪ್‌ಗ್ರೌಂಡಿನಲ್ಲಿ ಕರೆಂಟಿನ ಕಂಬ ಇದ್ದರೆ 120 ವೋಲ್ಟ್ ಎಸಿ ಸಿಗುತ್ತದೆ. ಇಲ್ಲದಿದ್ದರೆ ದೀಪ, ನೀರಿನ ಪಂಪು, ಹೀಟರಿನ ಫ್ಯಾನು, ಫ್ರಿಜ್ಜು ಎಲ್ಲವೂ 12 ವೋಲ್ಟ್ ಬ್ಯಾಟರಿಯ ಮೇಲೆಯೇ ನಡೆಯಬೇಕು. ನಾವು ನೋಡಲು ಹಂಬಲಿಸುವ ಜಾಗಗಳಲ್ಲಿ ಕಂಬ ಇರುವುದೇ ಅಪರೂಪ. ಯೊಸೆಮಿಟಿ ಉದ್ಯಾನದ ಯಾವ ಕ್ಯಾಂಪ್‌ಗ್ರೌಂಡಿನಲ್ಲೂ ಇಲ್ಲ. ಯೆಲ್ಲೊಸ್ಟೋನ್ ಒಳಗೆ ಫಿಶಿಂಗ್ ಬ್ರಿಜ್ ಒಂದರಲ್ಲೇ ಇದೆ. ಗ್ರ್ಯಾಂಡ್ ಕ್ಯಾನ್ಯನ್ ದಕ್ಷಿಣ ಅಂಚಿನಲ್ಲಿ ಟ್ರೇಲರ್ ವಿಲೇಜ್‌ನಲ್ಲಿ ಇದೆ, ಪಕ್ಕದ ಮ್ಯಾಥರ್ ಕ್ಯಾಂಪ್‌ಗ್ರೌಂಡಿನಲ್ಲಿ ಇಲ್ಲ. ಆದ್ದರಿಂದ ಒಂದು ತಾಣದಿಂದ ಇನ್ನೊಂದಕ್ಕೆ ಹೋಗುವ ದಾರಿಯಲ್ಲೇ ಬ್ಯಾಟರಿಗೆ ಎಷ್ಟು ತುಂಬಿಸಿಕೊಳ್ಳಬಹುದು ಎಂಬುದು ಮುಂದಿನ ರಾತ್ರಿಯ ನೆಮ್ಮದಿಯನ್ನು ನಿರ್ಧರಿಸುತ್ತದೆ.

1. ಖರ್ಚಿನ ಲೆಕ್ಕ ಮೊದಲು, ಚಾರ್ಜಿನ ಲೆಕ್ಕ ಆಮೇಲೆ

ಊರಿನ ಮನೆಯ ಯುಪಿಎಸ್ ಬ್ಯಾಟರಿಯ ಮೇಲೆ 150 ಎಎಚ್ (ಆಂಪ್-ಅವರ್) ಎಂದು ಬರೆದಿರುತ್ತದಲ್ಲ, ಟ್ರೇಲರ್ ಬ್ಯಾಟರಿಗೂ ಅದೇ ಅಳತೆ. ಹೊಸ ಟ್ರೇಲರಿನ ಜೊತೆ ಡೀಲರ್ ಕೊಡುವ ಒಂದು ಗ್ರೂಪ್-24 ಬ್ಯಾಟರಿ ಸುಮಾರು 80 ಎಎಚ್. ಸೀಸದ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ಇಳಿಸಿದರೆ ಆಯಸ್ಸು ಬೇಗ ಮುಗಿಯುವುದರಿಂದ ಕೈಗೆ ಸಿಗುವುದು 40 ಮಾತ್ರ.

ಈಗ ಚಳಿಗಾಲದ ಒಂದು ದಿನದ ಖರ್ಚು ನೋಡಿ. ಪ್ರೊಪೇನ್ ಹೀಟರಿನ ಫ್ಯಾನು ಓಡುವಾಗ ಸುಮಾರು 7 ಆಂಪ್ ಎಳೆಯುತ್ತದೆ. ರಾತ್ರಿ ನಿಂತು ನಿಂತು ಒಟ್ಟು 4 ಗಂಟೆ ಓಡಿದರೆ 28 ಎಎಚ್. ಈಚಿನ ಟ್ರೇಲರ್‌ಗಳಲ್ಲಿ ಬರುವ 12 ವೋಲ್ಟ್ ಕಂಪ್ರೆಸರ್ ಫ್ರಿಜ್ಜಿಗೆ ದಿನಕ್ಕೆ 50 ಎಎಚ್ ಆಸುಪಾಸು. ದೀಪಕ್ಕೆ 6, ಪಂಪಿಗೆ 2, ಯಾವಾಗಲೂ ಎಚ್ಚರವಾಗಿರುವ ಗ್ಯಾಸ್ ಸೋರಿಕೆ ಅಲಾರಂ ಮುಂತಾದ ಸಣ್ಣಪುಟ್ಟವಕ್ಕೆ 8. ಒಟ್ಟು 94. ಒಂದು ಗ್ರೂಪ್-24 ಬ್ಯಾಟರಿಗೆ ಒಂದು ದಿನವನ್ನೂ ದಾಟಿಸುವ ಶಕ್ತಿಯಿಲ್ಲ. ಗಾಲ್ಫ್ ಕಾರ್ಟಿನ 6 ವೋಲ್ಟ್ ಬ್ಯಾಟರಿ ಎರಡನ್ನು ಸರಣಿಯಲ್ಲಿ ಜೋಡಿಸಿದರೆ 210 ಎಎಚ್ ಬರುತ್ತದೆ; ಅದರ ಅರ್ಧ 105, ಒಂದು ದಿನಕ್ಕೆ ಸರಿಹೋಗುತ್ತದೆ. ನಿಮ್ಮ ದಿನದ ಖರ್ಚು ಎಷ್ಟೆಂದು ಬರೆದುಕೊಳ್ಳದೆ ಚಾರ್ಜರ್, ಕೇಬಲ್ ಎಂದು ಅಂಗಡಿಗೆ ಹೋಗಬೇಡಿ.

2. ಪಿನ್ನಿನಲ್ಲಿ ಕರೆಂಟ್ ಇದೆಯೇ ಎಂದು ಮೊದಲು ನೋಡಿ

ಅಮೆರಿಕದಲ್ಲಿ ಟ್ರಕ್ಕಿಗೂ ಟ್ರೇಲರಿಗೂ ನಡುವೆ 7 ಪಿನ್ನಿನ ಪ್ಲಗ್ ಇರುತ್ತದೆ. ಹಿಂದಿನ ದೀಪಕ್ಕೆ ಒಂದು, ಎಡ ಬಲ ಇಂಡಿಕೇಟರಿಗೆ ಎರಡು, ಎಲೆಕ್ಟ್ರಿಕ್ ಬ್ರೇಕಿಗೆ ಒಂದು, ರಿವರ್ಸ್ ದೀಪಕ್ಕೆ ಒಂದು, ನೆಗೆಟಿವ್ ಒಂದು, ಉಳಿದ ಒಂದು 12 ವೋಲ್ಟ್ ಚಾರ್ಜ್ ಪಿನ್. ಎಸ್‌ಯುವಿಗಳಿಗೆ ಹೊರಗೆ ಹಾಕಿಸುವ ಚಪ್ಪಟೆಯಾದ 4 ಪಿನ್ನಿನ ಪ್ಲಗ್ಗಿನಲ್ಲಿ ದೀಪಗಳು ಮಾತ್ರ. ಚಾರ್ಜ್ ಪಿನ್ನೇ ಇಲ್ಲ.

7 ಪಿನ್ ಇದ್ದ ಮಾತ್ರಕ್ಕೆ ಅದರಲ್ಲಿ ವಿದ್ಯುತ್ ಇರುತ್ತದೆ ಎಂದೂ ಹೇಳಲಾಗದು. ಕೆಲವು ಟ್ರಕ್‌ಗಳಲ್ಲಿ ಚಾರ್ಜ್ ದಾರಿಯ ಫ್ಯೂಸ್ ಅಥವಾ ರಿಲೇಯನ್ನು ಹಾಕದೆಯೇ ಕೊಟ್ಟಿರುತ್ತಾರೆ, ಇಲ್ಲವೇ ತಂತಿಯ ತುದಿಯನ್ನು ಬಾನೆಟ್ಟಿನ ಕೆಳಗೆ ಜೋಡಿಸದೆ ಬಿಟ್ಟಿರುತ್ತಾರೆ. ಗೆಳೆಯರೊಬ್ಬರು ಸೆಕೆಂಡ್ ಹ್ಯಾಂಡ್ ಟ್ರಕ್ಕಿನಲ್ಲಿ ಒಂದು ಬೇಸಿಗೆ ಪೂರ್ತಿ ಓಡಾಡಿದ ಮೇಲೆ ನಾವು ಫ್ಯೂಸ್ ಪೆಟ್ಟಿಗೆ ತೆಗೆದು ನೋಡಿದೆವು. ಆ ಜಾಗ ಖಾಲಿಯಿತ್ತು. ಎಂಜಿನ್ ಓಡುತ್ತಿರುವಾಗ ಮಲ್ಟಿಮೀಟರಿನಿಂದ ಟ್ರಕ್ಕಿನ ಸಾಕೆಟ್ಟನ್ನು ಅಳೆಯಿರಿ. ಇದು ಒಂದು ನಿಮಿಷದ ಕೆಲಸ.

ಭಾರತದಲ್ಲಿ ವೈರಿಂಗ್ ಕಲಿತವರಿಗೆ ಒಂದು ವಿಶೇಷ ಎಚ್ಚರಿಕೆ. ಕಪ್ಪು ತಂತಿಯೆಂದರೆ ನ್ಯೂಟ್ರಲ್ ಅಥವಾ ನೆಗೆಟಿವ್ ಎಂದು ನಮ್ಮ ಕೈ ಕಲಿತಿದೆ. ಟ್ರೇಲರಿನ 7 ಪಿನ್ ಕೇಬಲ್ಲಿನಲ್ಲಿ ಸಾಮಾನ್ಯವಾಗಿ ಕಪ್ಪು ತಂತಿಯೇ ಚಾರ್ಜಿನ ಪಾಸಿಟಿವ್, ಬಿಳಿಯದು ನೆಗೆಟಿವ್. ಬಣ್ಣ ನೋಡಿ ಜೋಡಿಸಬೇಡಿ, ಮೀಟರ್ ನೋಡಿ ಜೋಡಿಸಿ.

3. ಸಣ್ಣ ತಂತಿ, ದೂರದ ಬ್ಯಾಟರಿ: ನಷ್ಟ ಅಲ್ಲೇ

ಇಡೀ ವಿಷಯದ ತಿರುಳು ಈ ಪಾಠದಲ್ಲಿದೆ. ಟ್ರಕ್ಕಿನ ಮೂತಿಯಲ್ಲಿರುವ ಬ್ಯಾಟರಿಯಿಂದ ಹಿಂದಿನ ಬಂಪರಿಗೆ, ಅಲ್ಲಿಂದ ಟ್ರೇಲರಿನ ಮುಂಭಾಗದ ಬ್ಯಾಟರಿಗೆ ತಂತಿಯ ಉದ್ದ ಸುಮಾರು 30 ಅಡಿ. ವಿದ್ಯುತ್ ಹೋಗಿ ಹಿಂತಿರುಗಬೇಕಾದ್ದರಿಂದ ಲೆಕ್ಕಕ್ಕೆ 60 ಅಡಿ. ಕಾರ್ಖಾನೆಯವರು ಹಾಕುವುದು ಸಾಮಾನ್ಯವಾಗಿ 10 ಅಥವಾ 12 ಗೇಜ್ ತಂತಿ; ಗೇಜಿನ ಅಂಕಿ ಹೆಚ್ಚಿದಷ್ಟೂ ತಂತಿ ತೆಳು. 10 ಗೇಜಿನ ತಾಮ್ರದ ತಂತಿಗೆ 1000 ಅಡಿಗೆ ಸುಮಾರು 1 ಓಮ್ ರೋಧ. 60 ಅಡಿಗೆ 0.06 ಓಮ್. ಅದರಲ್ಲಿ 20 ಆಂಪ್ ಹರಿದರೆ 1.2 ವೋಲ್ಟ್ ದಾರಿಯಲ್ಲೇ ಬಿಸಿಯಾಗಿ ಹೋಗುತ್ತದೆ. 12 ಗೇಜ್ ಆದರೆ 1.9 ವೋಲ್ಟ್. ಪ್ಲಗ್ಗಿನ ಪಿನ್ನುಗಳಲ್ಲಿ, ಜೋಡಣೆಗಳಲ್ಲಿ ಕಳೆದುಹೋಗುವುದು ಬೇರೆ.

ಆಲ್ಟರ್ನೇಟರ್ 14.2 ವೋಲ್ಟ್ ಕೊಟ್ಟರೂ ಬ್ಯಾಟರಿಯ ಹತ್ತಿರ 13ಕ್ಕೆ ಬಂದಿರುತ್ತದೆ. ಸೀಸದ ಬ್ಯಾಟರಿ ಸರಿಯಾಗಿ ತುಂಬಬೇಕಾದರೆ ಅದರ ಟರ್ಮಿನಲ್ಲಿನಲ್ಲೇ 14.4 ವೋಲ್ಟ್ ಆಸುಪಾಸು ಬೇಕು. ಬ್ಯಾಟರಿ ಸ್ವಲ್ಪ ತುಂಬುತ್ತಿದ್ದಂತೆ ಅದರ ವೋಲ್ಟೇಜ್ ಏರುತ್ತದೆ, ಎರಡೂ ತುದಿಗಳ ಅಂತರ ಕುಗ್ಗುತ್ತದೆ, ಹರಿವು ಇನ್ನೂ ಕಡಿಮೆಯಾಗುತ್ತದೆ. ಮೊದಲ ಅರ್ಧ ಗಂಟೆ 12ರಿಂದ 15 ಆಂಪ್ ಬಂದದ್ದು ಆಮೇಲೆ 5ರಿಂದ 8ಕ್ಕೆ ಇಳಿಯುವುದನ್ನು ನಾನು ಅಳೆದ ಟ್ರೇಲರ್‌ಗಳಲ್ಲಿ ಮತ್ತೆ ಮತ್ತೆ ಕಂಡಿದ್ದೇನೆ. ತುಂಗಭದ್ರೆಯ ಕಾಲುವೆಯಲ್ಲಿ ತೂಬಿನ ಹತ್ತಿರದವರಿಗೆ ನೀರು ಸಿಕ್ಕು ಕೊನೆಭಾಗದ ರೈತ ಒಣಗುವಂತೆ, ಇಲ್ಲಿ ಕೊನೆಯಲ್ಲಿರುವುದು ನಿಮ್ಮ ಟ್ರೇಲರ್ ಬ್ಯಾಟರಿ. ಆಲ್ಟರ್ನೇಟರ್ ಎಷ್ಟು ದೊಡ್ಡದು ಎಂಬುದು ಇಲ್ಲಿ ಮುಖ್ಯವಲ್ಲ. 200 ಆಂಪಿನ ಆಲ್ಟರ್ನೇಟರ್ ಹಾಕಿಸಿದರೂ ತಂತಿ ಅದೇ ಇದ್ದರೆ ಬರುವ ಫಲವೂ ಅದೇ.

4. ದಾರಿಯಲ್ಲಿ ಫ್ರಿಜ್ಜು ತಿನ್ನುವುದನ್ನು ಮರೆಯಬೇಡಿ

ಗಂಟೆಗೆ 7 ಎಎಚ್‌ನಂತೆ ಐದು ಗಂಟೆಗೆ 35 ಎಎಚ್ ಬಂತು ಎಂದುಕೊಳ್ಳಿ. ಅಷ್ಟೂ ಬ್ಯಾಟರಿಗೆ ಸೇರುವುದಿಲ್ಲ. ಕಂಪ್ರೆಸರ್ ಫ್ರಿಜ್ಜು ಸರಾಸರಿ ಗಂಟೆಗೆ 2ರಿಂದ 2.5 ಎಎಚ್ ತೆಗೆದುಕೊಳ್ಳುತ್ತಲೇ ಇರುತ್ತದೆ. ಕೊನೆಗೆ ಉಳಿಯುವುದು 22ರಿಂದ 25.

ಹಳೆಯ ತ್ರೀ-ವೇ ಫ್ರಿಜ್ಜು ಇದ್ದರಂತೂ ಪರಿಸ್ಥಿತಿ ಇನ್ನೂ ಕಠಿಣ. ಅದು ಗ್ಯಾಸ್, 120 ವೋಲ್ಟ್, 12 ವೋಲ್ಟ್ ಮೂರರಲ್ಲೂ ನಡೆಯುತ್ತದೆ. ಆದರೆ 12 ವೋಲ್ಟಿನಲ್ಲಿ ಅದರೊಳಗೆ ಉರಿಯುವುದು ಒಂದು ಹೀಟರ್, ಮಾದರಿಗೆ ತಕ್ಕಂತೆ 10ರಿಂದ 30 ಆಂಪ್ ಎಳೆಯುತ್ತದೆ. ಕಾರ್ಖಾನೆಯ ತಂತಿಯಿಂದ ಬರುವುದಕ್ಕಿಂತ ಹೆಚ್ಚು ಅದಕ್ಕೇ ಬೇಕು. ಹೊರಟಾಗ ಇದ್ದುದಕ್ಕಿಂತ ತಲುಪಿದಾಗ ಬ್ಯಾಟರಿ ಇನ್ನೂ ಇಳಿದಿದೆ ಎಂದು ಗೆಳೆಯರು ಬಂದು ಹೇಳಿದಾಗ ನಾನು ಮೊದಲು ಕೇಳುವುದು ಫ್ರಿಜ್ಜು ಯಾವ ಮೋಡಿನಲ್ಲಿತ್ತು ಎಂದು. ಫ್ರಿಜ್ಜನ್ನು ಹಿಂದಿನ ದಿನವೇ ಮನೆಯ ಕರೆಂಟಿನಲ್ಲಿ ಚೆನ್ನಾಗಿ ತಂಪು ಮಾಡಿ, ತಣ್ಣಗಿರುವ ಸಾಮಾನನ್ನೇ ತುಂಬಿ, ನಾಲ್ಕೈದು ಗಂಟೆಯ ದಾರಿಯಾದರೆ ಆರಿಸಿಬಿಡಿ. ಬಾಗಿಲು ತೆಗೆಯದಿದ್ದರೆ ಒಳಗಿನ ತಂಪು ಅಷ್ಟು ಹೊತ್ತು ಉಳಿಯುತ್ತದೆ.

5. ಸ್ಮಾರ್ಟ್ ಆಲ್ಟರ್ನೇಟರ್ ನಿಮ್ಮ ಟ್ರೇಲರಿಗಾಗಿ ದುಡಿಯುವುದಿಲ್ಲ

ಹಳೆಯ ಟ್ರಕ್ಕಿನ ಆಲ್ಟರ್ನೇಟರ್ ಸದಾ 14 ವೋಲ್ಟ್ ಆಸುಪಾಸಿನಲ್ಲೇ ಇರುತ್ತಿತ್ತು. ಈಚಿನ ಗಾಡಿಗಳಲ್ಲಿ ಕಂಪ್ಯೂಟರ್ ಇಂಧನ ಉಳಿಸಲು ವೋಲ್ಟೇಜನ್ನು ಏರಿಳಿಸುತ್ತದೆ. ಟ್ರಕ್ಕಿನ ಸ್ವಂತ ಬ್ಯಾಟರಿ ತುಂಬಿತೆಂದರೆ ಸಮತಟ್ಟು ಹೆದ್ದಾರಿಯಲ್ಲಿ 12.8 ವೋಲ್ಟಿಗೂ ಇಳಿಸುತ್ತದೆ. ಬ್ರೇಕ್ ಒತ್ತಿದಾಗ, ಇಳಿಜಾರಿನಲ್ಲಿ ಮತ್ತೆ ಏರಿಸುತ್ತದೆ. ಹಿಂದೆ ಖಾಲಿ ಬ್ಯಾಟರಿಯೊಂದು ಕಾಯುತ್ತಿದೆ ಎಂಬುದು ಅದಕ್ಕೆ ಸರಿಯಾಗಿ ತಿಳಿಯುವುದಿಲ್ಲ. 12.8 ವೋಲ್ಟಿನಲ್ಲಿ ಹೊರಟದ್ದು ಟ್ರೇಲರ್ ತಲುಪುವಾಗ ಏನೂ ತುಂಬಿಸಲಾರದು.

ನಿಮ್ಮ ಗಾಡಿಯ ಕೈಪಿಡಿ ಓದಿ. ಜಿಎಂ ಟ್ರಕ್‌ಗಳ ಕೈಪಿಡಿಯಲ್ಲಿ ಹೊರಗಿನ ಬ್ಯಾಟರಿಗೆ ಚಾರ್ಜ್ ಬೇಕಾದರೆ ಟೋ-ಹಾಲ್ ಮೋಡ್ ಹಾಕಿ, ಟ್ರೇಲರ್ ಹಗುರವಾಗಿದ್ದರೆ ಹೆಡ್‌ಲೈಟ್ ಹಚ್ಚಿ ಎಂಬ ಸಲಹೆಯಿದೆ. ಎರಡೂ ವೋಲ್ಟೇಜನ್ನು ಮೇಲಕ್ಕೆ ಹಿಡಿಯುವ ಉಪಾಯಗಳು, ಖರ್ಚಿಲ್ಲದ ಉಪಾಯಗಳು. ಟ್ರೇಲರ್ ಎಳೆಯುವಾಗ ಟೋ-ಹಾಲ್ ಮೋಡ್ ಹಾಕುವುದು ಗೇರ್ ಮತ್ತು ಬ್ರೇಕಿನ ದೃಷ್ಟಿಯಿಂದಲೂ ಒಳ್ಳೆಯದೇ.

6. ಡಿಸಿ-ಡಿಸಿ ಚಾರ್ಜರ್: ಸರಿಯಾದ ಪರಿಹಾರ, ಆದರೆ ಅಳತೆಗೆ ತಕ್ಕದ್ದು

ಸಣ್ಣ ತಂತಿ, ಸ್ಮಾರ್ಟ್ ಆಲ್ಟರ್ನೇಟರ್ ಎರಡೂ ತೊಂದರೆಗಳಿಗೆ ಒಂದೇ ಉತ್ತರ ಡಿಸಿ-ಡಿಸಿ ಚಾರ್ಜರ್. ಇದನ್ನು ಟ್ರೇಲರ್ ಬ್ಯಾಟರಿಯ ಪಕ್ಕದಲ್ಲೇ ಹಾಕಬೇಕು. ಟ್ರಕ್ಕಿನಿಂದ 12 ವೋಲ್ಟ್ ಬರಲಿ, 13 ಬರಲಿ, ಇದು ಅದನ್ನು ಎತ್ತಿ ಬ್ಯಾಟರಿಗೆ ಬೇಕಾದ 14.4 ಮಾಡಿ ಕೊಡುತ್ತದೆ. ಬ್ಯಾಟರಿ ತುಂಬಿದಂತೆ ಹಂತ ಬದಲಿಸುತ್ತದೆ. ನೆದರ್ಲೆಂಡ್ಸಿನ ವಿಕ್ಟ್ರಾನ್, ಆಸ್ಟ್ರೇಲಿಯಾದ ರೆಡಾರ್ಕ್ ಕಂಪನಿಗಳ ಚಾರ್ಜರ್‌ಗಳು ಈ ಕ್ಷೇತ್ರದಲ್ಲಿ ಹೆಸರಾದವು.

ಆದರೆ ದೊಡ್ಡದು ಕೊಂಡರೆ ಹೆಚ್ಚು ಲಾಭ ಎಂದುಕೊಳ್ಳಬೇಡಿ. ಚಾರ್ಜರ್ ವೋಲ್ಟೇಜನ್ನು ಏರಿಸುವಾಗ ಒಳಗೆ ಬರುವ ಆಂಪ್ ಹೊರಗೆ ಹೋಗುವುದಕ್ಕಿಂತ ಹೆಚ್ಚಾಗಿರುತ್ತದೆ. 18 ಆಂಪ್ ಕೊಡುವ ಚಾರ್ಜರ್ 14.4 ವೋಲ್ಟಿನಲ್ಲಿ ಸುಮಾರು 260 ವಾಟ್ ಕೊಡುತ್ತದೆ. ತನ್ನ ನಷ್ಟವನ್ನೂ ಸೇರಿಸಿ 300 ವಾಟ್ ಎಳೆಯುತ್ತದೆ. 12 ವೋಲ್ಟಿನಲ್ಲಿ ಅದು 25 ಆಂಪ್. ಟ್ರಕ್ಕಿನ ಚಾರ್ಜ್ ದಾರಿಗೆ ಸಾಮಾನ್ಯವಾಗಿ ಇರುವುದು 30 ಆಂಪಿನ ಫ್ಯೂಸ್. ಹಾಗಾಗಿ 7 ಪಿನ್ ಪ್ಲಗ್ಗಿನ ಮೂಲಕವೇ ಹೋಗುವುದಾದರೆ 18 ಅಥವಾ 20 ಆಂಪಿನ ಚಾರ್ಜರಿಗೇ ನಿಲ್ಲಿಸಿ. 30 ಆಂಪಿನ ಚಾರ್ಜರ್ 40ಕ್ಕಿಂತ ಹೆಚ್ಚು ಎಳೆಯುತ್ತದೆ; ಫ್ಯೂಸ್ ಹಾರುತ್ತದೆ. ಫ್ಯೂಸ್ ಹಾರುತ್ತದೆಂದು ದೊಡ್ಡ ಫ್ಯೂಸ್ ಹಾಕುವುದು ಬೆಂಕಿಗೆ ಆಹ್ವಾನ. ಫ್ಯೂಸ್ ಇರುವುದು ತಂತಿಯನ್ನು ಕಾಪಾಡಲು. ತಂತಿಯ ಅಳತೆಗೆ ಮೀರಿದ ಫ್ಯೂಸ್ ಯಾರನ್ನೂ ಕಾಪಾಡುವುದಿಲ್ಲ.

18 ಆಂಪ್ ಎಂದರೆ ಕಡಿಮೆಯೇನಲ್ಲ. ಐದು ಗಂಟೆಗೆ 90 ಎಎಚ್. ಫ್ರಿಜ್ಜಿನ ಪಾಲು ಕಳೆದರೂ 78 ಉಳಿಯುತ್ತದೆ. ಹಳೆಯ 22ರ ಜೊತೆ ಹೋಲಿಸಿ ನೋಡಿ.

7. ಚಾರ್ಜರ್ ಯಾವಾಗ ಏಳಬೇಕು, ಎಲ್ಲಿ ಕೂರಬೇಕು

ಎಂಜಿನ್ ಓಡುತ್ತಿದೆಯೇ ಎಂದು ಚಾರ್ಜರಿಗೆ ತಿಳಿಯಬೇಕು. ವೋಲ್ಟೇಜ್ ನೋಡಿಯೇ ಊಹಿಸುವ ವಿಧಾನ ಸ್ಮಾರ್ಟ್ ಆಲ್ಟರ್ನೇಟರಿನ ಜೊತೆ ಸೋಲುತ್ತದೆ: ಟ್ರಕ್ 12.8ಕ್ಕೆ ಇಳಿಸಿದ ಕೂಡಲೇ ಎಂಜಿನ್ ನಿಂತಿತೆಂದು ಚಾರ್ಜರ್ ಮಲಗುತ್ತದೆ. ಸಣ್ಣ ತಂತಿಯಿದ್ದರೆ ಇನ್ನೊಂದು ಆಟ ನಡೆಯುತ್ತದೆ. ಚಾರ್ಜರ್ ಎದ್ದು ಎಳೆದಾಗ ವೋಲ್ಟೇಜ್ ಕುಸಿಯುತ್ತದೆ, ಅದು ಆರಿಹೋಗುತ್ತದೆ, ಆರಿದ ಮೇಲೆ ವೋಲ್ಟೇಜ್ ಏರುತ್ತದೆ, ಮತ್ತೆ ಏಳುತ್ತದೆ. ದಿನವಿಡೀ ಹೀಗೆಯೇ ಆಗಿ ಕೊನೆಗೆ ಬ್ಯಾಟರಿಗೆ ಸೇರಿದ್ದು ಅಷ್ಟಕ್ಕಷ್ಟೆ. ಇಗ್ನಿಷನ್ ಆನ್ ಆದಾಗ ಮಾತ್ರ ಜೀವ ಬರುವ ಒಂದು ಸಣ್ಣ ತಂತಿಯನ್ನು ಚಾರ್ಜರಿನ ರಿಮೋಟ್ ಟರ್ಮಿನಲ್ಲಿಗೆ ಕೊಡುವುದು ಹೆಚ್ಚು ಭರವಸೆಯ ದಾರಿ.

ಚಾರ್ಜರ್ ಬಿಸಿಯಾಗುವ ವಸ್ತು. ಸುತ್ತ ಗಾಳಿಯಾಡುವ, ನೀರು ಸಿಡಿಯದ ಕಡೆ, ತಯಾರಕರು ಹೇಳಿದ ದಿಕ್ಕಿನಲ್ಲೇ ಗೋಡೆಗೆ ಬಿಗಿಯಿರಿ. ಸೀಸದ ಬ್ಯಾಟರಿಯ ಪೆಟ್ಟಿಗೆಯೊಳಗೆ ಅಥವಾ ಅದರ ನೆತ್ತಿಯ ಮೇಲೆ ಬೇಡ. ಚಾರ್ಜ್ ಆಗುವಾಗ ಆ ಬ್ಯಾಟರಿ ಹೈಡ್ರೋಜನ್ ಬಿಡುತ್ತದೆ.

8. ಹೆಚ್ಚು ಬೇಕಾದರೆ ಪ್ರತ್ಯೇಕ ದಪ್ಪ ಕೇಬಲ್ ಎಳೆಯಿರಿ

30 ಆಂಪ್ ಅಥವಾ ಅದಕ್ಕೂ ಹೆಚ್ಚಿನ ಚಾರ್ಜರ್ ಬೇಕೆಂದರೆ 7 ಪಿನ್ ಪ್ಲಗ್ಗನ್ನು ದೀಪ ಮತ್ತು ಬ್ರೇಕಿಗೆ ಬಿಟ್ಟು, ಟ್ರಕ್ ಬ್ಯಾಟರಿಯಿಂದ ಬಂಪರಿನವರೆಗೆ ಬೇರೆಯೇ ಕೇಬಲ್ ಎಳೆದು ಆಂಡರ್ಸನ್ ಪ್ಲಗ್ ಹಾಕಿ. ಆಸ್ಟ್ರೇಲಿಯಾದಲ್ಲಿ ಕಾರವಾನ್ ಎಳೆಯುವವರಿಗೆ 50 ಆಂಪಿನ ಈ ಪ್ಲಗ್ ಬಹಳ ಕಾಲದಿಂದ ರೂಢಿ. 4 ಗೇಜ್ ತಂತಿಯಲ್ಲಿ 60 ಅಡಿಗೆ 40 ಆಂಪ್ ಹರಿದರೂ ಇಳಿಯುವುದು 0.6 ವೋಲ್ಟ್ ಮಾತ್ರ. 6 ಗೇಜಿನಲ್ಲಿ ಸುಮಾರು 1 ವೋಲ್ಟ್.

ಇಲ್ಲಿ ಮೂರು ನಿಯಮ ಮೀರಬಾರದು. ಒಂದು, ಫ್ಯೂಸ್ ಎರಡೂ ತುದಿಯಲ್ಲಿ ಬೇಕು, ಬ್ಯಾಟರಿಗೆ ಎಷ್ಟು ಹತ್ತಿರವೋ ಅಷ್ಟು ಒಳ್ಳೆಯದು. ಕೇಬಲ್ಲಿನ ಎರಡೂ ಕಡೆ ಬ್ಯಾಟರಿ ಇದೆ. ನಡುವೆ ಎಲ್ಲಿ ಉಜ್ಜಿ ಶಾರ್ಟ್ ಆದರೂ ಎರಡೂ ಕಡೆಯಿಂದ ಬೆಂಕಿಗೆ ಬಲ ಬರುತ್ತದೆ. ಎರಡು, ನೆಗೆಟಿವ್ ಕೂಡ ಅಷ್ಟೇ ದಪ್ಪದ ಪ್ರತ್ಯೇಕ ತಂತಿಯಾಗಿರಬೇಕು. ಹಿಚ್ಚಿನ ಗುಂಡು ಗ್ರೀಸು ಹಚ್ಚಿ ತಿರುಗುವ ಭಾಗ; ವಿದ್ಯುತ್ತು ಹಿಂತಿರುಗಲು ಅದನ್ನು ನಂಬಬಾರದು. ಮೂರು, ಈಚಿನ ಟ್ರಕ್‌ಗಳಲ್ಲಿ ಬ್ಯಾಟರಿಯ ನೆಗೆಟಿವ್ ಟರ್ಮಿನಲ್ ಮೇಲೆ ಒಂದು ಸೆನ್ಸರ್ ಕೂತಿರುತ್ತದೆ. ನಿಮ್ಮ ತಂತಿಯನ್ನು ನೇರ ಆ ಟರ್ಮಿನಲ್ಲಿಗೆ ಕಟ್ಟಿದರೆ ಸೆನ್ಸರಿನ ಲೆಕ್ಕ ತಪ್ಪುತ್ತದೆ; ಚಾಸಿಯ ಮೇಲೆ ತಯಾರಕರು ಕೊಟ್ಟಿರುವ ಗ್ರೌಂಡ್ ಬೋಲ್ಟಿಗೆ ಕಟ್ಟಿ. ಕೇಬಲ್ಲಿಗೆ ಸುಕ್ಕುಪೈಪಿನ ಹೊದಿಕೆ ಹಾಕಿ, ಸೈಲೆನ್ಸರಿನಿಂದ ದೂರ ಸಾಗಿಸಿ, ಚೂಪು ಅಂಚುಗಳಲ್ಲಿ ರಬ್ಬರ್ ಕೊಡಿ.

9. ಲಿಥಿಯಂ ಹಾಕಿದವರು ನೇರ ಸಂಪರ್ಕ ಬಿಡಲೇಬೇಕು

ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ಹಗುರ, ಹೆಚ್ಚುಕಡಿಮೆ ಪೂರ್ತಿ ಬಳಸಬಹುದು, ಆಯಸ್ಸೂ ಹೆಚ್ಚು. ಅದರ ಒಳರೋಧ ತೀರಾ ಕಡಿಮೆ, ಕೊಟ್ಟಷ್ಟನ್ನೂ ಎಳೆಯುತ್ತದೆ. ದಪ್ಪ ಕೇಬಲ್ಲಿನಲ್ಲಿ ಚಾರ್ಜರ್ ಇಲ್ಲದೆ ನೇರ ಜೋಡಿಸಿದರೆ ಆಲ್ಟರ್ನೇಟರ್ ಗಂಟೆಗಟ್ಟಲೆ ತನ್ನ ಗರಿಷ್ಠ ಮಟ್ಟದಲ್ಲಿ ದುಡಿಯಬೇಕಾಗುತ್ತದೆ. ಎಂಜಿನ್ ನಿಧಾನವಾಗಿ ತಿರುಗುವಾಗ, ಅಂದರೆ ಟ್ರಾಫಿಕ್‌ನಲ್ಲಿ ನಿಂತಾಗ, ಆಲ್ಟರ್ನೇಟರಿನ ಫ್ಯಾನೂ ನಿಧಾನ; ಬಿಸಿ ಹೊರಹೋಗದೆ ಅದು ಸುಡಬಹುದು. ಜೊತೆಗೆ, ಬ್ಯಾಟರಿಯನ್ನು ಒಳಗಿನಿಂದ ಕಾಯುವ ಸರ್ಕ್ಯೂಟ್ (ಬಿಎಂಎಸ್) ತುಂಬಿತೆಂದು ಥಟ್ಟನೆ ಸಂಪರ್ಕ ಕಡಿದರೆ ಏಳುವ ವೋಲ್ಟೇಜ್ ಹೊಡೆತ ಆಲ್ಟರ್ನೇಟರಿನ ಡಯೋಡ್‌ಗಳನ್ನು ಕೆಡಿಸಬಲ್ಲದು. ಡಿಸಿ-ಡಿಸಿ ಚಾರ್ಜರ್ ಆಂಪಿಗೆ ಮಿತಿ ಹಾಕಿ ಈ ಎರಡೂ ಅಪಾಯಗಳನ್ನು ತಡೆಯುತ್ತದೆ.

ಇನ್ನೊಂದು ಮಾತು ಚಳಿಯದು. ಈ ಬ್ಯಾಟರಿಯನ್ನು 0 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಚಾರ್ಜ್ ಮಾಡಿದರೆ ಸೆಲ್ಲುಗಳಿಗೆ ಮತ್ತೆ ಸರಿಪಡಿಸಲಾಗದ ಹಾನಿ. ಟ್ರೇಲರಿನ ಮೂತಿಯ ಮೇಲೆ ತೆರೆದ ಗಾಳಿಯಲ್ಲಿರುವ ಬ್ಯಾಟರಿ ಟಾಹೋ ಸರೋವರದ ಕಡೆಯ ಚಳಿಗಾಲದ ಬೆಳಗ್ಗೆ ಆ ಮಟ್ಟಕ್ಕೆ ಇಳಿದೇ ಇಳಿಯುತ್ತದೆ. ತಾಪಮಾನ ನೋಡಿ ಚಾರ್ಜ್ ತಡೆಯುವ ಬಿಎಂಎಸ್ ಇರುವುದನ್ನೇ ಕೊಳ್ಳಿ. ಸಾಧ್ಯವಾದರೆ ಬ್ಯಾಟರಿಯನ್ನು ಟ್ರೇಲರಿನ ಒಳಕ್ಕೆ ತನ್ನಿ.

10. ನಿಂತಾಗ ಕೊಂಡಿ ಕಳಚಿ

ಕೆಲವು ಟ್ರಕ್‌ಗಳಲ್ಲಿ ಇಗ್ನಿಷನ್ ಆರಿಸಿದೊಡನೆ ಚಾರ್ಜ್ ಪಿನ್ ಸಾಯುತ್ತದೆ. ಇನ್ನು ಕೆಲವದರಲ್ಲಿ ಸದಾ ಜೀವಂತ. ಎರಡನೆಯ ಬಗೆಯಾದರೆ ರಾತ್ರಿಯೆಲ್ಲಾ ಹೀಟರಿನ ಫ್ಯಾನು ಟ್ರೇಲರ್ ಬ್ಯಾಟರಿಯ ಜೊತೆ ಟ್ರಕ್ಕಿನ ಬ್ಯಾಟರಿಯನ್ನೂ ಹಿಂಡುತ್ತದೆ. ಬೆಳಗ್ಗೆ ಕಾಡಿನ ನಡುವೆ ಟ್ರಕ್ ಸ್ಟಾರ್ಟ್ ಆಗುವುದಿಲ್ಲ. ಲಿಥಿಯಂ ಇದ್ದರೆ ಇದರ ಉಲ್ಟಾ ಕೂಡ ಆಗುತ್ತದೆ: ತುಂಬಿದ ಲಿಥಿಯಂ 13.3 ವೋಲ್ಟಿನಲ್ಲಿ ನಿಂತಿರುತ್ತದೆ, ಟ್ರಕ್ಕಿನ ಸೀಸದ ಬ್ಯಾಟರಿ 12.7ರಲ್ಲಿ, ಟ್ರೇಲರಿನ ಚಾರ್ಜ್ ಟ್ರಕ್ಕಿನ ಕಡೆಗೆ ಹರಿಯತೊಡಗುತ್ತದೆ.

ಎಂಜಿನ್ ಆರಿಸಿ ಪಿನ್ ಅಳೆದು ನಿಮ್ಮದು ಯಾವ ಬಗೆಯೆಂದು ತಿಳಿದುಕೊಳ್ಳಿ. ಸದಾ ಜೀವಂತ ಇರುವುದಾದರೆ ಇಗ್ನಿಷನ್ನಿಗೆ ಕಟ್ಟಿದ ರಿಲೇ ಹಾಕಿಸಿ. ಅಲ್ಲಿಯವರೆಗೆ ಊಟಕ್ಕೆ ನಿಂತಾಗ ಅಲ್ಲದಿದ್ದರೂ ರಾತ್ರಿ ತಂಗುವಾಗ ಪ್ಲಗ್ ಕಳಚುವುದನ್ನು ಮನೆಯವರೆಲ್ಲರೂ ಅಭ್ಯಾಸ ಮಾಡಿಕೊಳ್ಳಿ. ಕಳಚಿದ ಪ್ಲಗ್ಗನ್ನು ನೆಲದ ಮೇಲೆ ಬಿಡಬೇಡಿ. ಪಿನ್ನುಗಳ ಮೇಲೆ ಕಟ್ಟುವ ಹಸಿರು ಕಿಲುಬು, ಹಿಮ ಕರಗಿಸಲು ರಸ್ತೆಗೆ ಹಾಕುವ ಉಪ್ಪು ಎರಡೂ ರೋಧ ಹೆಚ್ಚಿಸುತ್ತವೆ. ವರ್ಷಕ್ಕೊಮ್ಮೆಯಾದರೂ ಸ್ವಚ್ಛಗೊಳಿಸಿ ಡೈಎಲೆಕ್ಟ್ರಿಕ್ ಗ್ರೀಸ್ ತೆಳುವಾಗಿ ಸವರಿ.

11. ಆ ಬ್ಯಾಟರಿ ದೀಪಕ್ಕಷ್ಟೇ ಅಲ್ಲ, ಜೀವಕ್ಕೂ ಕಾವಲು

ಟ್ರೇಲರ್ ಅಕಸ್ಮಾತ್ ಟ್ರಕ್ಕಿನಿಂದ ಕಳಚಿಕೊಂಡರೆ ಬ್ರೇಕ್‌ಅವೇ ಸ್ವಿಚ್ಚಿನ ಪಿನ್ ಕಿತ್ತುಬಂದು ಟ್ರೇಲರಿನ ಬ್ರೇಕುಗಳು ತಾವಾಗಿಯೇ ಹಿಡಿಯುತ್ತವೆ. ಆ ಹೊತ್ತಿನಲ್ಲಿ ಬ್ರೇಕಿಗೆ ಶಕ್ತಿ ಕೊಡುವುದು ಟ್ರೇಲರಿನ ಬ್ಯಾಟರಿಯೇ. ಎರಡು ಆಕ್ಸಲ್ ಟ್ರೇಲರಿನ ನಾಲ್ಕು ಬ್ರೇಕ್ ಮ್ಯಾಗ್ನೆಟ್ಟುಗಳಿಗೆ ತಲಾ 3 ಆಂಪಿನಂತೆ 12 ಆಂಪ್ ಬೇಕು. ವಾಣಿಜ್ಯ ಟ್ರೇಲರ್‌ಗಳಿಗೆ ಅಮೆರಿಕದ ಫೆಡರಲ್ ನಿಯಮ ಹೇಳುವುದು ಈ ಬ್ರೇಕ್ ಕನಿಷ್ಠ 15 ನಿಮಿಷ ಹಿಡಿದಿರಬೇಕೆಂದು. ಅದಕ್ಕೆ ಬೇಕಾಗುವುದು 3 ಎಎಚ್ ಮಾತ್ರ. ಪೂರ್ತಿ ಸತ್ತ ಬ್ಯಾಟರಿಯಲ್ಲಿ ಅಷ್ಟೂ ಇರುವುದಿಲ್ಲ.

ಆದ್ದರಿಂದ ಖಾಲಿ ಬ್ಯಾಟರಿಯೊಂದಿಗೆ, “ದಾರಿಯಲ್ಲಿ ಚಾರ್ಜ್ ಆಗುತ್ತೆ ಬಿಡಿ” ಎಂದು ಹೊರಡಬೇಡಿ. ಬ್ಯಾಟರಿ ತೆಗೆದಿಟ್ಟು ಎಳೆಯುವುದಂತೂ ಬೇಡವೇ ಬೇಡ. ಪ್ರತಿ ಪ್ರಯಾಣಕ್ಕೆ ಮುನ್ನ ಟ್ರಕ್ಕಿನ ಪ್ಲಗ್ ಕಳಚಿ, ಬ್ರೇಕ್‌ಅವೇ ಪಿನ್ ಎಳೆದು, ಚಕ್ರಗಳು ಹಿಡಿಯುತ್ತವೆಯೇ ನೋಡಿ. ಕೂಡಲೇ ಪಿನ್ ವಾಪಸ್ ಹಾಕಿ, ಇಲ್ಲದಿದ್ದರೆ ಮ್ಯಾಗ್ನೆಟ್ಟುಗಳು ಬಿಸಿಯಾಗುತ್ತವೆ. ಈ ಪಾಠವನ್ನು ಮಾತ್ರ ನಾನು ಗೆಳೆಯರಿಗೆ ಒತ್ತಿ ಒತ್ತಿ ಹೇಳುತ್ತೇನೆ. ರಸ್ತೆಯಲ್ಲಿ ನಮ್ಮ ಹಿಂದೆಯೂ ಕುಟುಂಬಗಳು ಬರುತ್ತಿರುತ್ತವೆ.

12. ಟ್ರಕ್ ಒಂದರ ಮೇಲೆ ಎಲ್ಲ ಭಾರ ಹಾಕಬೇಡಿ

ಸೀಸದ ಬ್ಯಾಟರಿ ಶೇಕಡಾ 80ರವರೆಗೆ ಬೇಗ ತುಂಬುತ್ತದೆ. ಕೊನೆಯ ಶೇಕಡಾ 20 ನಿಧಾನ. ಎಷ್ಟು ಬಲದ ಚಾರ್ಜರ್ ಇದ್ದರೂ ಬ್ಯಾಟರಿ ತಾನೇ ಕಡಿಮೆ ತೆಗೆದುಕೊಳ್ಳುವುದರಿಂದ ಆ ಭಾಗಕ್ಕೆ ಇನ್ನೂ ನಾಲ್ಕಾರು ಗಂಟೆ ಹಿಡಿಯುತ್ತದೆ. ಪದೇ ಪದೇ 80ಕ್ಕೇ ನಿಲ್ಲಿಸಿದರೆ ತಟ್ಟೆಗಳ ಮೇಲೆ ಸಲ್ಫೇಟ್ ಗಟ್ಟಿಯಾಗಿ ಸಾಮರ್ಥ್ಯ ಕುಗ್ಗುತ್ತದೆ. ಆದ್ದರಿಂದ ದಾರಿಯಲ್ಲಿ ಟ್ರಕ್ ದೊಡ್ಡ ಪಾಲು ತುಂಬಲಿ, ಉಳಿದದ್ದನ್ನು ಸೋಲಾರ್ ಪೂರೈಸಲಿ. ಚಾವಣಿಯ ಮೇಲೆ ಮಲಗಿಸಿದ 100 ವಾಟಿನ ಪ್ಯಾನೆಲ್ ಕ್ಯಾಲಿಫೋರ್ನಿಯಾದ ಬೇಸಿಗೆಯಲ್ಲಿ ದಿನಕ್ಕೆ 25ರಿಂದ 30 ಎಎಚ್ ಕೊಡುತ್ತದೆ. ನಾಲ್ಕೈದು ದಿನಕ್ಕೊಮ್ಮೆ ಕರೆಂಟಿನ ಕಂಬ ಇರುವ ಕಡೆ ಒಂದು ರಾತ್ರಿ ತಂಗಿ; ಬ್ಯಾಟರಿ ಪೂರ್ತಿ ತುಂಬಲು ಅದಕ್ಕಿಂತ ಸುಲಭದ ದಾರಿಯಿಲ್ಲ.

ನಿಂತ ಜಾಗದಲ್ಲಿ ಟ್ರಕ್ಕಿನ ಎಂಜಿನ್ ಓಡಿಸಿ 7 ಪಿನ್ ಮೂಲಕ ಚಾರ್ಜ್ ಮಾಡುವುದನ್ನು ನಾನು ಒಪ್ಪುವುದಿಲ್ಲ. ಗಂಟೆಗೆ ಐದಾರು ಎಎಚ್‌ಗಾಗಿ ಪೆಟ್ರೋಲ್ ಸುಟ್ಟು ಕಾಡಿನ ಮೌನ ಕೆಡಿಸಿದಂತಾಗುತ್ತದೆ. ಹೊರಗೆ 120 ವೋಲ್ಟ್ ಕೊಡುವ ಟ್ರಕ್‌ಗಳ ಮಾತು ಬೇರೆ. ಫೋರ್ಡ್ ಎಫ್-150 ಹೈಬ್ರಿಡ್ 2021ರಿಂದ 7.2 ಕಿಲೋವಾಟ್‌ವರೆಗೆ ಕೊಡುವ ಆಯ್ಕೆಯೊಂದಿಗೆ ಬಂದಿದೆ. ಸರಿಯಾದ ಅಡಾಪ್ಟರ್ ಹಾಕಿ ಅದಕ್ಕೆ ಟ್ರೇಲರಿನ ಕರೆಂಟ್ ಕೇಬಲ್ ಚುಚ್ಚಿದರೆ ಟ್ರೇಲರಿನೊಳಗಿನ ಕನ್ವರ್ಟರ್ ಪೂರ್ತಿ ಬಲದಿಂದ ಚಾರ್ಜ್ ಮಾಡುತ್ತದೆ.

ಇಷ್ಟೆಲ್ಲ ಓದಿದ ಮೇಲೆ ಮಾಡಬೇಕಾದ ಮೊದಲ ಕೆಲಸ ಚಾರ್ಜರ್ ಕೊಳ್ಳುವುದಲ್ಲ, ಅಳೆಯುವುದು. ಡಿಸಿ ಆಂಪ್ ಅಳೆಯಬಲ್ಲ ಕ್ಲ್ಯಾಂಪ್ ಮೀಟರ್ ಒಂದನ್ನು ತನ್ನಿ. ಎಸಿ ಮಾತ್ರ ಅಳೆಯುವುದು ಇಲ್ಲಿ ಉಪಯೋಗಕ್ಕೆ ಬಾರದು. ಫ್ರಿಜ್ಜು, ದೀಪ ಎಲ್ಲ ಆರಿಸಿ, ಅರ್ಧ ಇಳಿದ ಬ್ಯಾಟರಿಯೊಂದಿಗೆ ಟ್ರಕ್ ಸ್ಟಾರ್ಟ್ ಮಾಡಿ ಮೂರು ಅಂಕಿ ಬರೆದುಕೊಳ್ಳಿ: ಟ್ರಕ್ ಬ್ಯಾಟರಿಯ ವೋಲ್ಟೇಜ್, ಟ್ರೇಲರ್ ಬ್ಯಾಟರಿಯ ವೋಲ್ಟೇಜ್, ನಡುವೆ ಹರಿಯುತ್ತಿರುವ ಆಂಪ್. ಅರ್ಧ ಗಂಟೆ ಗಾಡಿ ಓಡಿಸಿ ಬಂದು, ಎಂಜಿನ್ ಆರಿಸದೆ ಅದೇ ಮೂರನ್ನು ಮತ್ತೆ ಬರೆಯಿರಿ. ಎರಡು ವೋಲ್ಟೇಜುಗಳ ನಡುವೆ 1 ವೋಲ್ಟಿಗಿಂತ ಹೆಚ್ಚು ಅಂತರವಿದ್ದರೆ ದೋಷ ತಂತಿಯಲ್ಲಿ ಅಥವಾ ಪ್ಲಗ್ಗಿನಲ್ಲಿ. ಟ್ರಕ್ಕಿನದೇ 13ಕ್ಕಿಂತ ಕೆಳಗಿದ್ದರೆ ಅದು ಸ್ಮಾರ್ಟ್ ಆಲ್ಟರ್ನೇಟರಿನ ಕೆಲಸ. ಎರಡೂ ಸರಿಯಿದ್ದು ಆಂಪ್ ಕಡಿಮೆಯಿದ್ದರೆ ಬ್ಯಾಟರಿ ತುಂಬಿರಬೇಕು, ಇಲ್ಲವೇ ಮುದಿಯಾಗಿರಬೇಕು. ಹೆಚ್ಚು ದಿನ ಕಂಬವಿಲ್ಲದ ಕಡೆ ಇರುವವರು ನೆಗೆಟಿವ್ ತಂತಿಯಲ್ಲಿ ಷಂಟ್ ಇರುವ ಬ್ಯಾಟರಿ ಮಾನಿಟರ್ ಹಾಕಿಸಿ. ಬಂದದ್ದು ಹೋದದ್ದು ಎರಡನ್ನೂ ಅದು ಎಎಚ್‌ನಲ್ಲೇ ತೋರಿಸುತ್ತದೆ.

ಮುಂದಿನ ರಜೆಗೆ ಟ್ರೇಲರ್ ಕಟ್ಟುವ ಮೊದಲು ಒಂದು ಭಾನುವಾರ ಇದಕ್ಕೆ ಕೊಡಿ. ಮನೆಯ ಮುಂದೆಯೇ ಅಳೆದು ದೋಷ ಸರಿಪಡಿಸಿಕೊಂಡು ಹೊರಟರೆ ನಾಲ್ಕು ಡಿಗ್ರಿ ಚಳಿಯಲ್ಲಿ ಮಕ್ಕಳನ್ನು ಮಲಗಿಸಿದ ಮೇಲೆ ಹೀಟರ್ ನಿಂತುಹೋಗುವ ಆತಂಕ ಇರುವುದಿಲ್ಲ.